ಅಕ್ಕನ ಪೊಟ್ಯಾಷಿಯಂ

ಎಳನೀರು ತಂದವರನ್ನು ಬಾಗಿಲಲ್ಲೇ ಬೈದು ವಾಪಸ್ ಕಳಿಸುವ ಹೆಂಗಸು ಎಂದು ನಮ್ಮ ಬೀದಿಯಲ್ಲಿ ನನಗೆ ಹೆಸರು ಬಂದಿದೆ. ಬರಲಿ. ದೊಡ್ಡಬಳ್ಳಾಪುರದ ಈ ನೇಕಾರರ ಬೀದಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಇದ್ದೇ ಇದೆ, ನನ್ನದು ಸ್ವಲ್ಪ ತಡವಾಗಿ ಬಂತು, ಅಷ್ಟೇ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಬೇಜಾರು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅದನ್ನು ಎಲ್ಲಿಂದ ತರಲಿ?

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಮನೆಯಲ್ಲಿ ನಾನು, ಅಕ್ಕ, ಇಬ್ಬರೇ. ನಾನು ಮದುವೆಯಾಗಲಿಲ್ಲ, ಅದು ಬೇರೆ ಕಥೆ, ಇಲ್ಲಿ ಬೇಡ. ಅಮ್ಮ ಹೋದಾಗ ನಾನಿನ್ನೂ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದೆ. ಜಡೆ ಹಾಕಿದ್ದು, ಓದಿಸಿದ್ದು, ಬೈದದ್ದು, ಬೈದು ಆಮೇಲೆ ಕರೆದು ಉಣ್ಣಿಸಿದ್ದು ಎಲ್ಲ ಅಕ್ಕನೇ. ಭಾವ ತೀರಿಕೊಂಡ ಮೇಲೆ ಮನೆ ಹಿಂದಿನ ಶೆಡ್ಡಿನ ವಿದ್ಯುತ್ ಮಗ್ಗಗಳನ್ನೂ ಅವಳೇ ನಡೆಸಿದಳು. ಈಗ ಅವನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಬೇರೆಯವರಿಗೆ ಮಗ್ಗದ ಸದ್ದಿನಲ್ಲಿ ನಿದ್ದೆ ಬರುವುದಿಲ್ಲ, ಅಕ್ಕನಿಗೆ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತದೆ.

ಅಕ್ಕನಿಗೆ ಬಿ.ಪಿ. ಇತ್ತು. ಇದೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಿ.ಪಿ. ಮಾತ್ರೆ ನುಂಗಿದ ದಿನಕ್ಕಿಂತ ಮರೆತ ದಿನಗಳೇ ಹೆಚ್ಚು. ಮಗ್ಗದ ಮುಂದೆ ನಿಂತು ನಿಂತು ಬರುವ ಸೊಂಟನೋವಿಗೆ ಮಾತ್ರ ಅಂಗಡಿಯಿಂದ ನೋವಿನ ಮಾತ್ರೆ ತಪ್ಪದೆ ಬರುತ್ತಿತ್ತು. ಬೇಕಾದ್ದನ್ನು ಬಿಟ್ಟು, ಬೇಡದ್ದನ್ನು ನುಂಗಿ, ಕೊನೆಗೆ ಎರಡು ಮೂತ್ರಪಿಂಡಗಳನ್ನೂ ಕಳೆದುಕೊಂಡಳು. ಈಗ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆಸಿಕೊಂಡು, ಇನ್ನೊಂದು ಕೊಳವೆಯಲ್ಲಿ ಒಳಗೆ ಬರುತ್ತದೆ. ಮಲಗುವವಳು ಅವಳು, ಪಕ್ಕದ ಸ್ಟೂಲಿನ ಮೇಲೆ ಕೂತು ತೂಕಡಿಸುವವಳು ನಾನು.

ಮೊದಲ ಸಲ ಆ ಯಂತ್ರ ನೋಡಿದಾಗ ಅಕ್ಕ ಕೇಳಿದ್ದಳು, "ಇದರೊಳಗೆ ಏನೇ ಇದೆ?"

"ಪೊರೆ. ಕೂದಲಿನಷ್ಟು ಸಣ್ಣ ಕೊಳವೆಗಳಿವೆ, ಅವುಗಳ ಗೋಡೇಲಿ ಕಣ್ಣಿಗೆ ಕಾಣದ ತೂತು. ರಕ್ತದ ಕಸ ಆ ತೂತಿಂದ ಆಚೆ ಹೋಗುತ್ತೆ. ರಕ್ತಕಣ ದಪ್ಪ, ಅದು ಹೋಗಲ್ಲ."

"ಜರಡಿ ಅನ್ನು."

"ಜರಡಿನೇ."

"ಸರಿ ಹೋಯ್ತು. ಇನ್ಮೇಲೆ ನಾನು ರಾಗಿಹಿಟ್ಟು," ಎಂದು ಕಣ್ಣು ಮುಚ್ಚಿಕೊಂಡಳು.

ಆದರೆ ಮೈಯೊಳಗಿನ ನಿಜವಾದ ಪೊರೆ ಜರಡಿಯಲ್ಲ. ಇದನ್ನು ನಾನು ಪ್ರತಿವರ್ಷ ಫಸ್ಟ್ ಪಿಯು ಮಕ್ಕಳಿಗೆ ಹೇಳುತ್ತೇನೆ, ಅವರು ಪ್ರತಿವರ್ಷ ಕಿಟಕಿಯ ಆಚೆ ನೋಡುತ್ತಾರೆ. ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ಕಣಗಳ ಎರಡು ಪದರ. ಒಂದೊಂದು ಕಣಕ್ಕೂ ನೀರನ್ನು ಬಯಸುವ ಒಂದು ತಲೆ, ನೀರೆಂದರೆ ಆಗದ ಎರಡು ಬಾಲ. ತಲೆಗಳು ಒಳಗಿನ ಹೊರಗಿನ ನೀರಿನ ಕಡೆ ಮುಖ ಮಾಡುತ್ತವೆ, ಬಾಲಗಳು ಮಧ್ಯದಲ್ಲಿ ಒಂದನ್ನೊಂದು ತಬ್ಬಿಕೊಂಡು ಅವಿತುಕೊಳ್ಳುತ್ತವೆ. ಅದನ್ನು ಯಾರೂ ಹೊಲಿದಿಲ್ಲ, ನೇಯ್ದಿಲ್ಲ. ಆಮ್ಲಜನಕದಂಥ ಸಣ್ಣವು ಹಾಗೇ ನುಸುಳಿ ಹೋಗುತ್ತವೆ. ಉಪ್ಪಿನ ಕಣ, ಸಕ್ಕರೆಯ ಕಣಗಳಿಗೆ ಹಾಗೆ ಆಗುವುದಿಲ್ಲ, ಅವಕ್ಕೆ ಪ್ರೋಟೀನಿನ ಬಾಗಿಲು ಬೇಕು. ಕೆಲವಕ್ಕೆ ಬಾಗಿಲೂ ಸಾಲದು, ಪಂಪೇ ಬೇಕು. ಸೋಡಿಯಂ ಒಳಗೆ ನುಗ್ಗುತ್ತಲೇ ಇರುತ್ತದೆ, ಪೊಟ್ಯಾಷಿಯಂ ಹೊರಗೆ ಸೋರುತ್ತಲೇ ಇರುತ್ತದೆ. ಪಂಪು ಮೂರು ಸೋಡಿಯಂ ಎತ್ತಿ ಆಚೆ ಹಾಕುತ್ತದೆ, ಎರಡು ಪೊಟ್ಯಾಷಿಯಂ ಎಳೆದು ಒಳಗೆ ತರುತ್ತದೆ. ಮತ್ತೆ ಮೂರು ಆಚೆ, ಮತ್ತೆ ಎರಡು ಒಳಗೆ. ನಾವು ಮಲಗಿದರೂ ಅದು ಮಲಗುವಂತಿಲ್ಲ. ಸುಮ್ಮನೆ ಕೂತ ಮೈಗೆ ಬೇಕಾಗುವ ಶಕ್ತಿಯಲ್ಲಿ ದೊಡ್ಡ ಪಾಲು ಈ ಎತ್ತಿಹಾಕುವ ಕೆಲಸಕ್ಕೇ ಖರ್ಚು. ಪಾಠದಲ್ಲಿ ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಆಕಳಿಕೆ ಬರುತ್ತದೆ.

ಈ ವರ್ಷ ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. ಅವಳ ಅಮ್ಮ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗುವವಳು.

"ಮೇಡಂ, ಆ ಪಂಪಿಗೆ ವಾರದ ರಜಾ ಇಲ್ವಾ?"

"ಇಲ್ಲ ಕಣಮ್ಮಾ. ಓವರ್‌ಟೈಮೂ ಕೊಡಲ್ಲ," ಎಂದೆ. ಕ್ಲಾಸೆಲ್ಲ ನಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಬದುಕಿಕೊಂಡೆವು, ಅವರೂ ನಾನೂ.

ಅಕ್ಕನ ವಿಷಯಕ್ಕೆ ಬಂದರೆ ಈ ಪೊಟ್ಯಾಷಿಯಮ್ಮೇ ದೊಡ್ಡ ತಲೆನೋವು. ಅದು ಜೀವಕೋಶದ ಒಳಗೆ ತುಂಬಾ ಇರಬೇಕು, ಹೊರಗೆ ರಕ್ತದಲ್ಲಿ ತೀರಾ ಸ್ವಲ್ಪ ಇರಬೇಕು. ಪೊರೆಯ ಎರಡು ಬದಿಯ ಆ ವ್ಯತ್ಯಾಸದ ಮೇಲೇ ಹೃದಯ ಬಡಿಯುವುದು. ತಿಂದು ಕುಡಿದು ಹೆಚ್ಚಾದ ಪೊಟ್ಯಾಷಿಯಂ ಅನ್ನು ಮೈಯಿಂದ ಹೊರಗೆ ಹಾಕುವುದು ಮೂತ್ರಪಿಂಡ. ಅದೇ ಇಲ್ಲದವರಲ್ಲಿ ಎಲ್ಲವೂ ರಕ್ತದಲ್ಲೇ ನಿಲ್ಲುತ್ತದೆ, ಮಿತಿ ಮೀರಿದರೆ ಹೃದಯವೇ ನಿಲ್ಲುತ್ತದೆ. ಎಳನೀರಿನ ತುಂಬ ಇರುವುದು ಅದೇ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು, ಎಳನೀರು ಒಯ್ಯಬೇಕು ಎಂದು ಹುಟ್ಟಿದಾಗಿನಿಂದ ಕಲಿತ ಜನಕ್ಕೆ ಇದನ್ನು ಹೇಳಿ ನೋಡಿ.

ಎದುರು ಮನೆಯ ಮುದುಕಿಯನ್ನು ಬೀದಿಯವರೆಲ್ಲ ಅತ್ತೆ ಎನ್ನುತ್ತಾರೆ. ಆಕೆ ಎರಡು ಎಳನೀರು ಕೆತ್ತಿಸಿಕೊಂಡು ಬಂದಿದ್ದರು. ನಾನು ಹೊಸಿಲಿಗೆ ಅಡ್ಡ ನಿಂತೆ.

"ಬೇಡ ಅತ್ತೆ. ಅಕ್ಕ ಇದನ್ನ ಕುಡಿಯಂಗಿಲ್ಲ."

"ತಂಪು ಕಣಮ್ಮಾ. ದೇವರು ಕೊಟ್ಟಿದ್ದು. ಇದರಲ್ಲಿ ಏನಿದ್ದಾತು ಕೆಟ್ಟದ್ದು?"

"ಪೊಟ್ಯಾಷಿಯಂ ಇದೆ."

"ಅಯ್ಯೋ ಶಿವನೇ, ನಮ್ಮ ಕಾಲದಲ್ಲಿ ಎಳನೀರಿಗೆ ಅದೆಲ್ಲ ಹಾಕ್ತಿರಲಿಲ್ಲ ಬಿಡು!"

ನಗಬೇಕಿತ್ತು. ನಗಲಿಲ್ಲ. "ಅಮೃತಾನೂ ಅತಿಯಾದ್ರೆ ವಿಷ, ತಗೊಂಡು ಹೋಗಿ," ಎಂದು ಗದರಿದೆ. ಒಳಗಿನಿಂದ ಅಕ್ಕ, "ಯಾರೇ ಅದು? ಒಳಗೆ ಕರಿಯೇ!" ಎಂದು ಕೂಗುತ್ತಲೇ ಇದ್ದಳು. ಅತ್ತೆ ಎಳನೀರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದರು. ಆಮೇಲೆ ಎಳನೀರು ಬರುವುದು ನಿಂತಿತು. ಜನ ಬರುವುದೂ ಕಡಿಮೆಯಾಯಿತು.

ಇಷ್ಟೆಲ್ಲ ನಿಷ್ಠುರ ಕಟ್ಟಿಕೊಂಡರೂ ಅಕ್ಕನ ರಕ್ತಪರೀಕ್ಷೆಯಲ್ಲಿ ಪೊಟ್ಯಾಷಿಯಂ ಇಳಿಯಲಿಲ್ಲ. ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಮೇಲೆ. ನನಗೆ ತಲೆ ಕೆಟ್ಟುಹೋಯಿತು. ಡಯಾಲಿಸಿಸ್ ದಿನ ಬಿಟ್ಟರೆ ನಾನು ಬೆಳಿಗ್ಗೆ ಕಾಲೇಜಿಗೆ ಹೋಗಿ ಬರುವುದು ಸಂಜೆ. ಮಧ್ಯಾಹ್ನದ ಅಡುಗೆ ಅಕ್ಕನದು, ರಾತ್ರಿಯದು ನನ್ನದು. ನಾನಿಲ್ಲದಾಗ ಯಾರೋ ಬಂದು ಕುಡಿಸುತ್ತಿದ್ದಾರೆ ಎಂದೇ ನನ್ನ ಅನುಮಾನ.

"ಕದ್ದು ಎಳನೀರು ಕುಡೀತಿದ್ದೀಯಾ?"

"ಮಗ್ಗದ ಆಣೆ ಇಲ್ಲ ಕಣೇ."

"ಬಾಳೆಹಣ್ಣು?"

"ಥೂ ನಿನ್ನ! ನೀನು ಬಾಗಿಲಲ್ಲಿ ನಾಯಿ ಥರ ನಿಂತಿರ್ತೀಯ, ನನಗ್ಯಾರೇ ಕೊಡ್ತಾರೆ? ಡಾಕ್ಟ್ರು ಹೇಳಿದ್ದೇ ತಿಂತಾ ಇದೀನಿ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ."

ಮಗ್ಗದ ಮೇಲೆ ಆಣೆ ಇಟ್ಟರೆ ಅಕ್ಕ ಸುಳ್ಳು ಹೇಳುವವಳಲ್ಲ. ಹಾಗಾದರೆ ಎಲ್ಲಿಂದ ಬರುತ್ತಿದೆ ಎಂದು ಯೋಚಿಸಿ ಯೋಚಿಸಿ ನನಗೆ ಸಾಕಾಗಿತ್ತು.

ಆ ಸೋಮವಾರ ಬೆಳಿಗ್ಗೆ ಅಕ್ಕ ಹಾಸಿಗೆಯಿಂದ ಏಳಲಿಲ್ಲ. ಕಾಫಿ ಲೋಟ ಹಿಡಿದು ಹೋದರೆ ಸುಮ್ಮನೆ ಸೂರು ನೋಡುತ್ತಾ ಮಲಗಿದ್ದಳು.

"ಕಾಲು ನಂದು ಅನ್ನಿಸ್ತಿಲ್ಲ ಕಣೇ. ಎತ್ತಕ್ಕೇ ಆಗ್ತಿಲ್ಲ."

ಕೈ ಹಿಡಿದು ನೋಡಿದೆ. ನಾಡಿ ನಿಧಾನವಾಗಿತ್ತು, ಮಧ್ಯೆ ಮಧ್ಯೆ ತಪ್ಪುತ್ತಿತ್ತು. ಲೋಟ ಅಲ್ಲೇ ಕುಕ್ಕಿ ಶೆಡ್ಡಿಗೆ ಓಡಿದೆ. ಮಗ್ಗ ನಿಲ್ಲಿಸಿ ಬಂದ ಕೆಲಸದವರು ಅವಳನ್ನು ಚಾದರದ ಸಮೇತ ಎತ್ತಿ ಆಟೋದಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಅವಳ ತಲೆ ನನ್ನ ಹೆಗಲ ಮೇಲೆ ಭಾರವಾಗುತ್ತಾ ಬಂತು. "ಅಕ್ಕಾ, ಮಾತಾಡೇ, ಏನಾದ್ರೂ ಮಾತಾಡೇ," ಎಂದರೆ, "ಏನು ಮಾತಾಡ್ಲಿ, ನಿಂಗೆ ಕಾಲೇಜಿಗೆ ಲೇಟಾಯ್ತು," ಎಂದಳು.

ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿದರು. ಕಾಗದದ ಮೇಲೆ ಅಲೆಗಳು ಎತ್ತರವಾಗಿ, ಚೂಪಾಗಿ ಬಂದವು. ಆ ಚಿತ್ರ ನಾನು ಪುಸ್ತಕದಲ್ಲಿ ನೋಡಿದ್ದೆ. ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿಯಂತಿದ್ದ ಡಾಕ್ಟರು, "ಪೊಟ್ಯಾಷಿಯಂ ತುಂಬಾ ಮೇಲೆ ಹೋಗಿದೆ ಮೇಡಂ. ಹಾರ್ಟ್ ಯಾವಾಗ ಬೇಕಾದ್ರೂ ನಿಲ್ಲಬಹುದು," ಎಂದರು. ಹೃದಯ ಸ್ಥಿರವಾಗಿರಲಿ ಎಂದು ಮೊದಲು ಕ್ಯಾಲ್ಸಿಯಂ ಚುಚ್ಚಿದರು. ಆಮೇಲೆ ಗ್ಲೂಕೋಸಿನ ಜೊತೆ ಇನ್ಸುಲಿನ್ ಹಾಕಿದರು. ಯಂತ್ರ ಸಿದ್ಧವಾಗುವ ತನಕ ಅದೇ ಆಧಾರ.

ಅಕ್ಕನಿಗೆ ಸಕ್ಕರೆ ಕಾಯಿಲೆ ಇಲ್ಲ. ಆದರೂ ಇನ್ಸುಲಿನ್ ಯಾಕೆ ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಇನ್ಸುಲಿನ್ ಮುಟ್ಟಿದರೆ ಕೋಶಪೊರೆಯ ಪಂಪುಗಳು ಚುರುಕಾಗುತ್ತವೆ. ರಕ್ತದಲ್ಲಿ ನಿಂತ ಪೊಟ್ಯಾಷಿಯಂ ಅನ್ನು ಎಳೆದು ಒಳಗೆ ಹಾಕಿಕೊಳ್ಳುತ್ತವೆ. ಮೈಯಿಂದ ಅದು ಹೊರಗೆ ಹೋಗುವುದಿಲ್ಲ, ಸ್ವಲ್ಪ ಹೊತ್ತು ಅವಿತಿರುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ ಜೀವ ಉಳಿಯಬೇಕು. ಮಕ್ಕಳಿಗೆ ಹೇಳಿ ಹೇಳಿ ನನಗೇ ಬೇಸರ ಬಂದಿದ್ದ ಅದೇ ಪಂಪು. ನಾನು ಅಕ್ಕನ ಅಂಗಾಲು ಉಜ್ಜುತ್ತಾ ಕೂತೆ. ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. "ಎಳ್ಕೊಳ್ರೋ, ಒಳಗೆ ಎಳ್ಕೊಳ್ರಪ್ಪಾ, ಇದೊಂದು ಸಲ ಎಳ್ಕೊಳ್ಳಿ," ಎಂದು ಅವಳ ಕಾಲಿನ ಒಂದೊಂದು ಜೀವಕೋಶಕ್ಕೂ ಕೈ ಮುಗಿದೆ. ನರ್ಸು ನನ್ನನ್ನು ವಿಚಿತ್ರವಾಗಿ ನೋಡಿದಳು.

ಎಳೆದುಕೊಂಡವು. ಅಲೆಗಳ ಚೂಪು ಇಳಿಯಿತು. ಯಂತ್ರಕ್ಕೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಾಲಿನ ಬೆರಳು ಆಡಿಸಿ, "ಬಂತು ನೋಡು," ಎಂದಳು. ನಾನು ಹೊರಗೆ ಹೋಗಿ ಗೋಡೆ ಹಿಡಿದು ಅತ್ತು, ಮುಖ ತೊಳೆದುಕೊಂಡು ಬಂದೆ.

ಡಾಕ್ಟರು ಬಂದು ಹಾಸಿಗೆಯ ತುದಿಯಲ್ಲಿ ಕೂತರು. "ಅಮ್ಮಾ, ನಿಜ ಹೇಳಿ, ಈ ವಾರ ಏನು ತಿಂದ್ರಿ?"

"ಸೊಪ್ಪು," ಎಂದಳು ಅಕ್ಕ. ನಂದಗುಡಿ ಕಡೆಯ ನಮ್ಮ ನೆಂಟರು ತೋಟದಿಂದ ಕಟ್ಟುಗಟ್ಟಲೆ ದಂಟಿನ ಸೊಪ್ಪು ಕಳಿಸಿದ್ದರು.

"ಬೇಯಿಸಿ ನೀರು ಬಸೀಬೇಕು ಅಂತ ಹೇಳಿದ್ವಲ್ಲ?"

"ಬಸಿದೇ ತಿಂದಿದ್ದು ಸ್ವಾಮಿ. ಹುರುಳಿಕಾಳು ಹಾಕಿ ಚೆನ್ನಾಗಿ ಬೇಯಿಸ್ದೆ, ನೀವು ಹೇಳಿದಂಗೇ ಒಂದು ತೊಟ್ಟು ಬಿಡದಂಗೆ ಬಸಿದೆ. ಸೊಪ್ಪು ಪಲ್ಯ ಮಾಡ್ಕೊಂಡೆ."

"ಮತ್ತೆ ಆ ನೀರು?"

ಅಕ್ಕ ಅವರನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದಳು. "ಬಸ್ಸಾರು ಮಾಡ್ದೆ. ಇನ್ನೇನು ಮಾಡ್ತಾರೆ?"

ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸೊಪ್ಪಿನ ಜೀವಕೋಶಗಳೂ ಬದುಕಿರುವಷ್ಟು ಕಾಲ ಪೊಟ್ಯಾಷಿಯಂ ಅನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತವೆ. ಬೇಯಿಸಿದರೆ ಪೊರೆ ಸಾಯುತ್ತದೆ. ಸತ್ತ ಪೊರೆ ಯಾವುದನ್ನೂ ಹಿಡಿಯಲಾರದು, ಒಳಗಿದ್ದದ್ದೆಲ್ಲ ನೀರಿಗೆ ಸೋರುತ್ತದೆ. ಅದಕ್ಕೇ ಬಸಿಯಿರಿ ಎಂದದ್ದು. ಬಸಿದ ಮೇಲೆ ಚೆಲ್ಲಿ ಎಂದು ಹೇಳಬೇಕು ಎಂದು ಆಸ್ಪತ್ರೆಯವರಿಗೆ ಹೊಳೆಯಲಿಲ್ಲ. ನಮ್ಮ ಕಡೆ ಬಸಿದ ನೀರನ್ನು ಚೆಲ್ಲಬಹುದು ಎಂದು ಅಕ್ಕನಿಗೆ ಹೊಳೆಯಲು ಸಾಧ್ಯವೇ ಇರಲಿಲ್ಲ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸು ರುಬ್ಬಿ ಆ ನೀರಿಗೆ ಕದಡಿದರೆ ಬಸ್ಸಾರು, ಅದಕ್ಕೊಂದು ಮುದ್ದೆ. ಸೊಪ್ಪು ಬೇಯಿಸುವುದೇ ಆ ನೀರಿಗಾಗಿ. ಎಳನೀರನ್ನು ನಾನು ಬಾಗಿಲಲ್ಲಿ ತಡೆಯುತ್ತಿದ್ದರೆ ಅದಕ್ಕಿಂತ ಗಟ್ಟಿಯಾದದ್ದು ನಾನಿಲ್ಲದ ಮಧ್ಯಾಹ್ನಗಳಲ್ಲೆಲ್ಲ ನಮ್ಮ ಒಲೆಯ ಮೇಲೇ ಕುದಿಯುತ್ತಿತ್ತು.

"ಚೆಲ್ಲಬೇಕಿತ್ತು ಕಣೇ!" ಎಂದು ಕಿರುಚಿದೆ. "ಆ ನೀರು ಚೆಲ್ಲಬೇಕಿತ್ತು! ಅದರಲ್ಲೇ ಇರೋದು ಎಲ್ಲ!"

"ಸತ್ವ ಎಲ್ಲ ಅದರಲ್ಲೇ ಇರುತ್ತೆ ಅಂತ ನಂಗೂ ಗೊತ್ತು," ಎಂದಳು ಅಕ್ಕ. "ಅದಕ್ಕೇ ಚೆಲ್ಲಲಿಲ್ಲ."

ಮನೆಗೆ ಬಂದ ಮೇಲೆ ಅಕ್ಕ ಬದಲಾದಳು. ಜಗಳವಿಲ್ಲ, ಬೈಗುಳವಿಲ್ಲ. ಕೊಟ್ಟಿದ್ದು ತಿನ್ನುವಳು, ಗೋಡೆಯ ಕಡೆ ತಿರುಗಿ ಮಲಗುವಳು. ಮುಂದಿನ ಡಯಾಲಿಸಿಸ್ ಬುಧವಾರ. ಬೆಳಿಗ್ಗೆ ನಾನು ಸ್ನಾನ ಮಾಡಿ ಬಂದರೂ ಅವಳು ಸೀರೆ ಬದಲಿಸಿರಲಿಲ್ಲ.

"ಏಳೇ ಅಕ್ಕ. ಹೊತ್ತಾಯ್ತು."

"ನಾನು ಬರಲ್ಲ."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ಉಪ್ಪಿಲ್ಲ, ನೀರಿಲ್ಲ, ಹಣ್ಣಿಲ್ಲ, ಈಗ ಸಾರೂ ಇಲ್ಲ. ಮನೆಗೆ ಬರೋ ಜನಾನೂ ಇಲ್ಲ. ಜರಡಿ ಹಿಡಿದು ಹಿಡಿದು ಇನ್ನೇನೇ ಉಳಿದಿದೆ ನನ್ನಲ್ಲಿ? ನಿನ್ನ ನೋಡು, ಕನ್ನಡಿ ನೋಡ್ಕೊಂಡಿದ್ದೀಯಾ? ನನಗಿಂತ ಮುದುಕಿ ಆಗಿದ್ದೀಯ. ಬಿಟ್ಬಿಡು ಕಣೇ. ಇಬ್ಬರಿಗೂ ನೆಮ್ಮದಿ."

ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ. ಅವತ್ತು ಆಗಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತು, "ನನಗೂ ಸಾಕಾಗಿದೆ ಅಕ್ಕ," ಎಂದೆ. ಹೇಳಬಾರದಿತ್ತೇನೋ, ಆದರೆ ಇದ್ದದ್ದೇ ಅದು. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಹಿಂದೆ ಶೆಡ್ಡಿನಲ್ಲಿ ಮಗ್ಗ ಓಡುತ್ತಲೇ ಇತ್ತು.

ಆಮೇಲೆ ಎದ್ದು ಅಡುಗೆಮನೆಗೆ ಹೋದೆ. ಏನು ಮಾಡಲೂ ತೋಚದಾಗ ಅಡುಗೆಯನ್ನಾದರೂ ಮಾಡಬೇಕಲ್ಲ. ಸೊಪ್ಪು ಇನ್ನೂ ಒಂದು ಕಟ್ಟು ಉಳಿದಿತ್ತು, ಬಾಡಿತ್ತು. ಹೆಚ್ಚಿ, ಕಾಳಿನ ಜೊತೆ ಬೇಯಿಸಿ, ತಟ್ಟೆ ಮುಚ್ಚಿ ಬಸಿದೆ. ಬಿಸಿನೀರಿನ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಹಿತ್ತಲ ಚರಂಡಿಯ ಕಡೆ ನಡೆದೆ. ಸೊಪ್ಪಿನ ಘಮ ಮನೆಯೆಲ್ಲ ತುಂಬಿತ್ತು.

"ಲೇ! ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೀಯೇ ಅದನ್ನ?"

"ಚೆಲ್ಲಕ್ಕೆ."

"ಚೆಲ್ಲಕ್ಕಾ! ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?"

ಹಾಸಿಗೆ ಸರಿದ ಸದ್ದು ಕೇಳಿಸಿತು. ಎರಡು ದಿನದಿಂದ ಬಚ್ಚಲಿಗೂ ನನ್ನ ತೋಳು ಹಿಡಿದೇ ಹೋಗುತ್ತಿದ್ದವಳು ಗೋಡೆ ಹಿಡಿದು, ಬಾಗಿಲು ಹಿಡಿದು, ಏದುಸಿರು ಬಿಡುತ್ತಾ ಅಡುಗೆಮನೆಗೆ ಬಂದಳು. ಪಾತ್ರೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಕಟ್ಟೆಯ ಮೇಲಿಟ್ಟಳು.

"ನೀನು ಕುಡಿಯಂಗಿಲ್ಲ ಅಕ್ಕ."

"ನಾನು ಕುಡೀತೀನಿ ಅಂದ್ನಾ? ನಿಂಗಿಲ್ವಾ ಬಾಯಿ? ಶೆಡ್ಡಲ್ಲಿ ಇರೋ ಹುಡುಗರಿಗಿಲ್ವಾ? ಎದುರು ಮನೆ ಅತ್ತೆಗೆ ಒಂದು ಬಟ್ಟಲು ಕೊಟ್ರೆ ನಿನ್ನ ಗಂಟೇನು ಹೋಗುತ್ತೆ? ಎಲ್ಲರಿಗೂ ಕಾಯಿಲೆ ಬಂದಿದೆಯೇನೇ, ಚೆಲ್ಲಕ್ಕೆ?"

ಸ್ಟೂಲು ಎಳೆದುಕೊಂಡು ಕೂತು, ಈರುಳ್ಳಿ ಸುಡು ಎಂದಳು, ಸುಟ್ಟೆ. ಕಾಯಿ ತುರಿ ಎಂದಳು, ತುರಿದೆ. ಮಸಾಲೆಯನ್ನು ಮಿಕ್ಸಿಗೆ ಹಾಕಿ ತಾನೇ ರುಬ್ಬಿದಳು. ರುಚಿ ನೋಡುವಂತಿರಲಿಲ್ಲ, ಆದ್ದರಿಂದ ಮೂಸಿ ನೋಡಿ, "ಇನ್ನೆರಡು ಮೆಣಸು," ಎಂದಳು. ನಾನು ಒಗ್ಗರಣೆಗೆ ಬಾಣಲೆ ಇಡಲು ಹೋದರೆ ಕೈ ತಟ್ಟಿದಳು.

"ನೀನು ಮುಟ್ಬೇಡ, ಸೀಯಿಸ್ತೀಯ. ಮುಚ್ಚಿಟ್ಟು ಆಟೋ ಕರಿ. ಆಸ್ಪತ್ರೆಯಿಂದ ಬಂದ್ಮೇಲೆ ನಾನೇ ಹಾಕ್ತೀನಿ."

ನಾನು ಬಾಣಲೆ ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಆಟೋ ತರಲು ಓಡಿದೆ.